ತೂಕ ಇಳಿಸುವ ಆಪರೇಷನ್: ಲಾಭ ಎಷ್ಟು, ಅಪಾಯ ಎಷ್ಟು, ಆಮೇಲೆ ನೋಡಿಕೊಳ್ಳುವವರು ಯಾರು?

2025ರ ಮೇ ಕೊನೆಯಿಂದ ಜೂನ್ ಮುಗಿಯುವವರೆಗೆ ಹಾಸನ ಜಿಲ್ಲೆ ಹೆದರಿ ಕೂತಿತ್ತು. ಸುಮಾರು 40 ದಿನದಲ್ಲಿ 20ಕ್ಕೂ ಹೆಚ್ಚು ಜನ ಹೃದಯಾಘಾತದಿಂದ ತೀರಿಕೊಂಡರು ಎಂಬ ಸುದ್ದಿ ಒಂದರ ಹಿಂದೊಂದು ಬರುತ್ತಿತ್ತು. ಅವರಲ್ಲಿ ಚಿಕ್ಕ ವಯಸ್ಸಿನವರೂ ಇದ್ದರು. ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ತಪಾಸಣೆಗೆ ಜನ ಸಾಲುಗಟ್ಟಿದರು. ಜಯದೇವ ಸಂಸ್ಥೆಯ ನಿರ್ದೇಶಕರಾಗಿದ್ದ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ಸರ್ಕಾರ ಒಂದು ಸಮಿತಿ ಮಾಡಿತು. ಹಿಂದಿನ ವರ್ಷಗಳಿಗೆ ಹೋಲಿಸಿದರೆ ಹಾಸನದಲ್ಲಿ ಸಾವು ವಿಪರೀತ ಏರಿಲ್ಲ ಎಂದು ಜುಲೈನಲ್ಲಿ ವರದಿ ಬಂತು. ಬಿಪಿ, ಶುಗರ್, ಸಿಗರೇಟು, ಮದ್ಯ, ಬೊಜ್ಜು ಇಂಥ ಗೊತ್ತಿರುವ ಕಾರಣಗಳ ಕಡೆಗೇ ವರದಿ ಬೊಟ್ಟು ಮಾಡಿತು.

ಜನರ ತಲೆಯಲ್ಲಿ ಉಳಿದುಕೊಂಡದ್ದು ಕೊನೆಯ ಪದ, ಬೊಜ್ಜು. ಅದೇ ವರ್ಷ ತೂಕ ಇಳಿಸುವ ಇಂಜೆಕ್ಷನ್‌ಗಳೂ ಭಾರತದ ಮಾರುಕಟ್ಟೆಗೆ ಬಂದವು. ಮಾರ್ಚ್‌ನಲ್ಲಿ ಮೌಂಜಾರೊ, ಜೂನ್‌ನಲ್ಲಿ ವಿಗೋವಿ. ಇನ್ನೊಂದು ಕಡೆ ಹಳೆಯ ಎರಡು ಸುದ್ದಿಗಳ ಭಯ ಇನ್ನೂ ಹೋಗಿಲ್ಲ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸಿಕೊಳ್ಳಲು ಹೋದ 21 ವರ್ಷದ ಕಿರುತೆರೆ ನಟಿಯೊಬ್ಬರು ತೀರಿಕೊಂಡರು. 2024ರ ಏಪ್ರಿಲ್‌ನಲ್ಲಿ ತೂಕ ಇಳಿಸುವ ಶಸ್ತ್ರಚಿಕಿತ್ಸೆಗೆ ಹೋದ 26 ವರ್ಷದ ಯುವಕರೊಬ್ಬರು ಚೆನ್ನೈನಲ್ಲಿ ತೀರಿಕೊಂಡರು. ಹಾಗಾದರೆ ಈ ಆಪರೇಷನ್ ಜೀವ ಉಳಿಸುತ್ತದೋ, ತೆಗೆಯುತ್ತದೋ? ಕೇಳುವವರು ಯಾರು, ಅವರ ತೂಕ ಎಷ್ಟು, ಇರುವ ಕಾಯಿಲೆ ಯಾವುದು, ಮನೆ ಎಲ್ಲಿದೆ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ಮನೆ ಎಲ್ಲಿದೆ ಎಂಬುದನ್ನು ಯಾರೂ ಕೇಳುವುದೇ ಇಲ್ಲ. ಹಾಸನ, ಚಿಕ್ಕಮಗಳೂರು ಎಂಬ ನಮ್ಮ ಎರಡು ಜಿಲ್ಲೆಗಳಿಗೆ ಅದೇ ಮುಖ್ಯ ಪ್ರಶ್ನೆ.

ಹೆಸರಿನ ಗೊಂದಲ

ಕೊಬ್ಬು ತೆಗೆಸುವುದು ಬೇರೆ, ತೂಕ ಇಳಿಸುವ ಆಪರೇಷನ್ ಬೇರೆ. ಮೊದಲನೆಯದು ಲೈಪೋಸಕ್ಷನ್. ಚರ್ಮದ ಕೆಳಗಿನ ಕೊಬ್ಬನ್ನು ಕೊಳವೆ ಹಾಕಿ ಹೀರಿ ತೆಗೆಯುತ್ತಾರೆ. ಅದು ಅಂದಕ್ಕಾಗಿ ಮಾಡುವ ಕೆಲಸ. ಅದರಿಂದ ಶುಗರ್ ವಾಸಿಯಾಗುವುದಿಲ್ಲ, ಹೃದಯಕ್ಕೆ ಲಾಭವಿಲ್ಲ. 2022ರ ಸಾವು ಈ ಬಗೆಯದ್ದು. ಎರಡನೆಯದು ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆ. ಅದರಲ್ಲಿ ಕೈ ಹಾಕುವುದು ಜಠರ ಮತ್ತು ಕರುಳಿಗೆ, ಚರ್ಮದ ಕೊಬ್ಬಿಗಲ್ಲ. ಈ ಲೇಖನ ಈ ಎರಡನೆಯದರ ಬಗ್ಗೆ.

ಇನ್ನೊಂದು ಗೊಂದಲ 'ಬೈಪಾಸ್' ಎಂಬ ಮಾತಿನದು. ನಮ್ಮ ಕಡೆ ಬೈಪಾಸ್ ಅಂದರೆ ಹೃದಯದ್ದೇ ಎಂದು ತಿಳಿಯುತ್ತಾರೆ. ತೂಕದ ವಿಚಾರದಲ್ಲಿ ಬೈಪಾಸ್ ಅಂದರೆ ಊಟ ಸಾಗುವ ದಾರಿಯನ್ನು ಬದಲಿಸುವುದು. ಹೃದಯವನ್ನು ಮುಟ್ಟುವುದೇ ಇಲ್ಲ.

ಒಳಗೆ ಏನು ಮಾಡುತ್ತಾರೆ

ಹೊಟ್ಟೆಯ ಮೇಲೆ ನಾಲ್ಕೈದು ಸಣ್ಣ ತೂತು ಮಾಡಿ, ಕ್ಯಾಮೆರಾ ಬಿಟ್ಟು ಕೆಲಸ ಮಾಡುತ್ತಾರೆ. ಹೆಚ್ಚಾಗಿ ನಡೆಯುವ ವಿಧಾನ ಸ್ಲೀವ್. ಇದರಲ್ಲಿ ಜಠರದ ಮುಕ್ಕಾಲು ಭಾಗಕ್ಕಿಂತ ಜಾಸ್ತಿಯನ್ನು ಉದ್ದಕ್ಕೆ ಕತ್ತರಿಸಿ, ಉಳಿದದ್ದನ್ನು ಸ್ಟೇಪ್ಲರ್‌ನಿಂದ ಮುಚ್ಚುತ್ತಾರೆ. ಒಂದು ಲೀಟರ್‌ಗಿಂತ ಹೆಚ್ಚು ಹಿಡಿಯುತ್ತಿದ್ದ ಚೀಲ ಬಾಳೆಹಣ್ಣಿನ ಆಕಾರದ ಕೊಳವೆಯಾಗುತ್ತದೆ. ಒಂದು ಕಾಫಿ ಲೋಟದಷ್ಟು ಹಿಡಿದರೆ ಹೆಚ್ಚು. ತೆಗೆದ ಭಾಗವನ್ನು ಮತ್ತೆ ಜೋಡಿಸಲು ಆಗುವುದಿಲ್ಲ.

ಬೈಪಾಸ್‌ನಲ್ಲಿ ಜಠರದ ಮೇಲ್ಭಾಗದಲ್ಲಿ ಸುಮಾರು 30 ಮಿಲಿ ಲೀಟರಿನ ಸಣ್ಣ ಚೀಲ ಮಾಡಿ, ಅದನ್ನು ನೇರವಾಗಿ ಸಣ್ಣ ಕರುಳಿನ ಮುಂದಿನ ಭಾಗಕ್ಕೆ ಜೋಡಿಸುತ್ತಾರೆ. ಊಟ ಉಳಿದ ಜಠರವನ್ನೂ ಕರುಳಿನ ಮೊದಲ ಭಾಗವನ್ನೂ ದಾಟಿ ಹೋಗುತ್ತದೆ. ತೂಕ ಸ್ವಲ್ಪ ಹೆಚ್ಚು ಇಳಿಯುತ್ತದೆ, ಶುಗರ್ ಹೆಚ್ಚು ಹತೋಟಿಗೆ ಬರುತ್ತದೆ. ಪೌಷ್ಟಿಕಾಂಶದ ಕೊರತೆಯೂ ಇದರಲ್ಲೇ ಜಾಸ್ತಿ.

'ಕಡಿಮೆ ತಿಂದರೆ ಆಯ್ತಲ್ವಾ?'

ಬೊಜ್ಜಿರುವವರು ಜೀವನದಲ್ಲಿ ಹೆಚ್ಚು ಸಲ ಕೇಳಿರುವ ಮಾತು ಇದು. ಬಹಳ ನೋಯಿಸುವ ಮಾತೂ ಹೌದು. ಮಿತವಾಗಿ ತಿಂದು ನಡೆದರೆ ಹೆಚ್ಚಿನವರಿಗೆ ಐದಾರು ಪರ್ಸೆಂಟ್ ತೂಕ ಇಳಿಯುತ್ತದೆ. 75 ಕೆಜಿ ಇರುವವರಿಗೆ ಅಷ್ಟು ಸಾಕು. 120 ಕೆಜಿ ಇರುವವರಿಗೆ ಸಾಲದು.

ಅದಕ್ಕಿಂತ ದೊಡ್ಡ ತೊಡಕು ದೇಹದ್ದೇ. ತೂಕ ಇಳಿಯಲು ಶುರುವಾದರೆ ದೇಹ ಅದನ್ನು ಬರಗಾಲ ಎಂದೇ ತಿಳಿಯುತ್ತದೆ. ಹಸಿವು ಹುಟ್ಟಿಸುವ ಗ್ರೆಲಿನ್ ಎಂಬ ಹಾರ್ಮೋನು ಏರುತ್ತದೆ. ಸುಮ್ನೆ ಕೂತಾಗ ಖರ್ಚಾಗುವ ಶಕ್ತಿ ಕಡಿಮೆಯಾಗುತ್ತದೆ. ಆರು ತಿಂಗಳು ಹಟ ಹಿಡಿದು ಇಳಿಸಿದ ತೂಕ ವರ್ಷದೊಳಗೆ ವಾಪಸ್ ಬರುವುದು ಇದರಿಂದಲೇ. ಮನಸ್ಸು ಗಟ್ಟಿ ಇಲ್ಲದ್ದಕ್ಕೆ ಹೀಗಾಯಿತು ಅಂತ ಯಾರನ್ನೂ ಬೈಯುವುದು ತಪ್ಪು.

ಆಪರೇಷನ್ ಕೆಲಸ ಮಾಡುವುದೂ ಈ ಜಾಗದಲ್ಲೇ. ಗ್ರೆಲಿನ್ ಹೆಚ್ಚಾಗಿ ಹುಟ್ಟುವುದು ಜಠರದ ಮೇಲ್ಭಾಗದಲ್ಲಿ. ಸ್ಲೀವ್‌ನಲ್ಲಿ ಕತ್ತರಿಸಿ ಹೋಗುವುದು ಅದೇ ಭಾಗ. ಚೀಲ ಸಣ್ಣದಾಗುವುದರ ಜೊತೆಗೆ ಹಸಿವೂ ಇಳಿಯುತ್ತದೆ. ಬೈಪಾಸ್‌ನಲ್ಲಿ ಊಟ ಕರುಳಿನ ಮುಂದಿನ ಭಾಗಕ್ಕೆ ಬೇಗ ತಲುಪುವುದರಿಂದ 'ಸಾಕು' ಎನ್ನುವ ಹಾರ್ಮೋನುಗಳು ಹೆಚ್ಚುತ್ತವೆ, ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡುತ್ತದೆ. ಬಹಳಷ್ಟು ಜನರಲ್ಲಿ ತೂಕ ಇಳಿಯುವ ಮೊದಲೇ, ಮೊದಲ ವಾರಗಳಲ್ಲೇ ಶುಗರ್ ಇಳಿಯುತ್ತದೆ.

ಲಾಭದ ಲೆಕ್ಕ

ಒಂದೆರಡು ವರ್ಷದಲ್ಲಿ ಒಟ್ಟು ತೂಕದ ನಾಲ್ಕನೇ ಒಂದು ಭಾಗದಷ್ಟು ಇಳಿಯುತ್ತದೆ, ಬೈಪಾಸ್‌ನಲ್ಲಿ 30 ಪರ್ಸೆಂಟ್‌ವರೆಗೂ. 120 ಕೆಜಿ ಇದ್ದವರು 85–90ಕ್ಕೆ ಬರಬಹುದು. 60ಕ್ಕೆ ಬರುವುದಿಲ್ಲ. ಆಮೇಲೆ ಸ್ವಲ್ಪ ವಾಪಸ್ ಏರುವುದೂ ಉಂಟು.

ಶುಗರ್ ವಿಚಾರದಲ್ಲಿ ಅಮೆರಿಕದಲ್ಲಿ 150 ಜನರ ಮೇಲೆ ನಡೆದ ಒಂದು ಪ್ರಯೋಗದ ಐದು ವರ್ಷದ ಫಲಿತಾಂಶ 2017ರಲ್ಲಿ ಬಂತು. ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯ ಅಂಕಿ 6 ಅಥವಾ ಅದಕ್ಕಿಂತ ಕೆಳಗೆ ಇಳಿದದ್ದು ಬೈಪಾಸ್ ಆದ 29 ಪರ್ಸೆಂಟ್ ಜನರಲ್ಲಿ, ಸ್ಲೀವ್ ಆದ 23 ಪರ್ಸೆಂಟ್ ಜನರಲ್ಲಿ. ಬರೀ ಔಷಧಿ ತಗೊಂಡವರಲ್ಲಿ 5 ಪರ್ಸೆಂಟ್ ಮಾತ್ರ. ಆಪರೇಷನ್ ಗೆದ್ದಿದೆ, ನಿಜ. ಆದರೆ ಆಪರೇಷನ್ ಆದವರಲ್ಲಿ ಹತ್ತಕ್ಕೆ ಏಳು ಮಂದಿ ಆ ಗುರಿ ಮುಟ್ಟಿಲ್ಲ ಎಂಬುದನ್ನೂ ಅದೇ ಅಂಕಿ ಹೇಳುತ್ತದೆ. 'ಶುಗರ್ ಶಾಶ್ವತ ಪರಿಹಾರ' ಎಂದು ಯಾರಾದರೂ ಮಾತು ಕೊಟ್ಟರೆ ನಂಬಬೇಡಿ.

ಆಯಸ್ಸಿನ ಬಗ್ಗೆ ಇರುವ ದೊಡ್ಡ ಅಧ್ಯಯನ ಸ್ವೀಡನ್‌ನದು. 1987ರಲ್ಲಿ ಶುರುವಾಗಿ ನಾಲ್ಕು ಸಾವಿರ ಜನರನ್ನು ದಶಕಗಟ್ಟಲೆ ಹಿಂಬಾಲಿಸಿದೆ. ಆಪರೇಷನ್ ಆದವರು, ಅಷ್ಟೇ ಬೊಜ್ಜಿದ್ದು ಆಪರೇಷನ್ ಆಗದವರಿಗಿಂತ ಸುಮಾರು ಮೂರು ವರ್ಷ ಹೆಚ್ಚು ಬದುಕಿದ್ದಾರೆ. ಹಾಗಿದ್ದೂ ಅವರ ಆಯಸ್ಸು ಸಾಮಾನ್ಯ ಜನರ ಮಟ್ಟ ಮುಟ್ಟಲಿಲ್ಲ, ಸುಮಾರು ಐದೂವರೆ ವರ್ಷ ಕಡಿಮೆಯೇ ಉಳಿಯಿತು. ಆಗಿನ ವಿಧಾನಗಳು ಈಗಿನವಲ್ಲ ಎಂಬುದನ್ನೂ ನೆನಪಿಡಬೇಕು. ಇದಲ್ಲದೆ ನಿದ್ದೆಯಲ್ಲಿ ಉಸಿರು ಕಟ್ಟುವುದು, ಬಿಪಿ, ಮೊಣಕಾಲು ನೋವು, ಲಿವರ್‌ನ ಕೊಬ್ಬು ಎಲ್ಲವೂ ಬಹುಮಟ್ಟಿಗೆ ಇಳಿಯುತ್ತವೆ.

ಅಪಾಯ ಹೆಚ್ಚು ಕಾಯುವುದು ಮನೆಗೆ ಬಂದ ಮೇಲೆ

ಪಳಗಿದ ಕೈಗಳಲ್ಲಿ, ಸಜ್ಜಾದ ಆಸ್ಪತ್ರೆಯಲ್ಲಿ, ಈ ಆಪರೇಷನ್‌ನಿಂದ ಮೊದಲ ತಿಂಗಳಲ್ಲಿ ಸಾಯುವ ಸಾಧ್ಯತೆ ಸಾವಿರಕ್ಕೆ ಒಬ್ಬರ ಆಸುಪಾಸು. ಪಿತ್ತಕೋಶದ ಆಪರೇಷನ್‌ಗೆ ಹತ್ತಿರದ ಲೆಕ್ಕ. ಟಿವಿಯಲ್ಲಿ ಒಂದು ಸಾವು ನೋಡಿ ಹುಟ್ಟುವ ಭಯಕ್ಕಿಂತ ಇದು ಬಹಳ ಕಡಿಮೆ. ಆದರೆ ಸೊನ್ನೆ ಅಲ್ಲ. ವಯಸ್ಸು, ವಿಪರೀತ ತೂಕ, ಹೃದಯದ ತೊಂದರೆ ಸೇರಿದಷ್ಟೂ ಏರುತ್ತದೆ.

ಇದರಲ್ಲಿ ಎರಡು ಅಪಾಯಗಳು ಆಸ್ಪತ್ರೆಯಿಂದ ಬಿಟ್ಟ ಮೇಲೂ ಬರಬಲ್ಲವು. ಒಂದು, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗಿ ಕೂರುವುದು. ಇನ್ನೊಂದು ಸೋರಿಕೆ. ಸ್ಟೇಪ್ಲರ್ ಹಾಕಿದ ಅಂಚು ಎಲ್ಲೋ ಒಂದು ಕಡೆ ಬಿಟ್ಟುಕೊಂಡರೆ ಜಠರದ ರಸ ಹೊಟ್ಟೆಯೊಳಗೆ ಹರಿಯುತ್ತದೆ. ಇದು ನೂರಕ್ಕೆ ಒಬ್ಬರಿಗೆ ಆಗುವಂಥದ್ದು. ರೋಗಿಯನ್ನು ಎರಡು ಮೂರು ದಿನಕ್ಕೆ ಮನೆಗೆ ಕಳಿಸುತ್ತಾರೆ. ಸೋರಿಕೆ ಐದನೇ ದಿನವೂ ಕಾಣಿಸಬಹುದು, ಹತ್ತನೇ ದಿನವೂ.

ಕಳಸದ ಕಡೆಯ ಒಂದು ತೋಟದ ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಜುಲೈ ತಿಂಗಳು, ಮಳೆ ಬಿಟ್ಟಿಲ್ಲ. ಬೆಂಗಳೂರಿನಲ್ಲಿ ಆಪರೇಷನ್ ಆಗಿ ಒಂದು ವಾರ. ರಾತ್ರಿ ಎಡ ಭುಜದಲ್ಲಿ ನೋವು, ಸಣ್ಣ ಜ್ವರ, ಎದೆ ಡವಡವ. ಹೊಟ್ಟೆ ಅಂಥಾ ಗಟ್ಟಿಯೇನೂ ಆಗಿಲ್ಲ. ಮನೆಯವರಿಗೆ ಅದು ಗ್ಯಾಸ್ ಅನಿಸುತ್ತದೆ, ಓಮದ ನೀರು ಕೊಡುತ್ತಾರೆ. ಬೆಳಗ್ಗೆ ಹತ್ತಿರದ ಕ್ಲಿನಿಕ್‌ಗೆ ಹೋದರೆ ಗ್ಯಾಸಿನ ಮಾತ್ರೆ. ಆದರೆ ಈ ಆಪರೇಷನ್ ಆದವರಲ್ಲಿ ಸೋರಿಕೆಯ ಮೊದಲ ಸುಳಿವು ಬಹಳ ಸಲ ಹೊಟ್ಟೆನೋವಲ್ಲ, ನಾಡಿಯ ಓಟ. ಸುಮ್ನೆ ಮಲಗಿದ್ದಾಗಲೂ ನಾಡಿ ನಿಮಿಷಕ್ಕೆ 120 ದಾಟಿದ್ದರೆ ಅದು ತುರ್ತು, ಆಗಲೇ ಹೊರಡಬೇಕು. ಅಲ್ಲಿಂದ ಚಿಕ್ಕಮಗಳೂರಿಗೇ ಹೆಚ್ಚುಕಡಿಮೆ 90 ಕಿಲೋಮೀಟರ್, ಅದೂ ಮರ ಬಿದ್ದು ರಸ್ತೆ ಬಂದ್ ಆಗದಿದ್ದರೆ. ಬೆಂಗಳೂರು ಇನ್ನೂ ಎಷ್ಟೋ ದೂರ.

ಸಾವಿರಕ್ಕೆ ಒಂದು ಎಂಬ ಅಂಕಿ ಬಂದಿರುವುದು, ತೊಂದರೆಯಾದರೆ ಬೇಗ ವಾಪಸ್ ಬರಬಲ್ಲ ರೋಗಿಗಳು ಇರುವ ವ್ಯವಸ್ಥೆಗಳಿಂದ. ಆ ಅಂಕಿಯ ಲಾಭ ನಮಗೂ ಸಿಗಬೇಕಾದರೆ ಮೊದಲ ಎರಡು ವಾರ ಆಪರೇಷನ್ ಮಾಡಿದ ಊರಿನಲ್ಲೇ, ನೆಂಟರ ಮನೆಯಲ್ಲೋ ಬಾಡಿಗೆ ರೂಮಿನಲ್ಲೋ ಇರುವುದು ಒಳ್ಳೆಯದು. ಖರ್ಚು ಹೆಚ್ಚುತ್ತದೆ, ಹೌದು. ಆದರೆ ಇದು ಆಪರೇಷನ್‌ನ ಖರ್ಚಿನಲ್ಲೇ ಸೇರಬೇಕಾದದ್ದು.

ಮುದ್ದೆ ನುಂಗುವ ಊರಿನಲ್ಲಿ

ಮುದ್ದೆಯನ್ನು ಯಾರೂ ಅಗಿಯುವುದಿಲ್ಲ. ಬಿಸಿ ಮುದ್ದೆಯ ಅಂಚಿನಿಂದ ನೆಲ್ಲಿಕಾಯಿ ಗಾತ್ರ ಮುರಿದು, ಬೆರಳಲ್ಲೇ ಉರುಟು ಮಾಡಿ, ಉಪ್ಸಾರಿನಲ್ಲಿ ಹೊರಳಿಸಿ ಗುಳುಂ ಎಂದು ನುಂಗುವುದು. ಹಲ್ಲು ತಾಗಿದರೆ ಮುದ್ದೆ ತಿನ್ನಲು ಬರಲ್ಲ ಅಂತ ಮಕ್ಕಳನ್ನು ನೋಡಿ ನಗುತ್ತೇವೆ. ಸ್ಲೀವ್ ಆದ ಮೇಲೆ ಇದೇ ಅಭ್ಯಾಸ ಕಾಡುತ್ತದೆ. ಬೆರಳು ಗಾತ್ರದ ಕೊಳವೆಯಲ್ಲಿ ಅಂಟಾದ ತುತ್ತು ಇಳಿಯದೆ ನಿಂತರೆ ಎದೆ ಹಿಂಡಿದ ಹಾಗೆ ನೋವು, ಬಾಯಿ ತುಂಬ ಎಂಜಲು, ಆಮೇಲೆ ವಾಂತಿ. ಪ್ರತಿ ತುತ್ತನ್ನೂ ಇಪ್ಪತ್ತು ಮೂವತ್ತು ಸಲ ಅಗಿಯಬೇಕು. ಊಟದ ಜೊತೆ ನೀರು ಕುಡಿಯುವಂತಿಲ್ಲ.

ಮೊದಲ ಎರಡು ವಾರ ಬೇಳೆ ಕಟ್ಟು, ನೀರು ಮಜ್ಜಿಗೆ, ಸೋಸಿದ ಅಂಬಲಿಯಂಥ ತೆಳ್ಳನೆಯದ್ದು. ಆಮೇಲೆ ಮೆತ್ತಗಿನದು. ಗಟ್ಟಿ ಊಟಕ್ಕೆ ಒಂದು ತಿಂಗಳಾದರೂ ಬೇಕು. ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೊಟೀನ್ ಹೋಗಬೇಕು. ಒಂದು ಮೊಟ್ಟೆಯಲ್ಲಿ ಇರುವುದು ಸುಮಾರು 6 ಗ್ರಾಂ. ನೂರು ಗ್ರಾಂ ರಾಗಿ ಹಿಟ್ಟಿನಲ್ಲಿ 7ರ ಆಸುಪಾಸು. ಅಂದರೆ ಆ ಸಣ್ಣ ಜಾಗವನ್ನು ಮೊದಲು ಮೊಟ್ಟೆ, ಮೊಸರು, ಮೀನು, ಹುರುಳಿ, ಅವರೆಕಾಳಿಗೆ ಬಿಟ್ಟುಕೊಡಬೇಕು, ಮುದ್ದೆ ಅನ್ನಕ್ಕೆ ಕೊನೆಯ ಸರದಿ. ಬೀಗರೂಟದಲ್ಲಿ ಎಲೆ ಮುಂದೆ ಕೂತು 'ಇನ್ನೊಂದು ತುತ್ತು' ಎಂಬ ಒತ್ತಾಯಕ್ಕೆ ಬೇಡ ಅನ್ನುವ ಗಟ್ಟಿತನ ಮನೆಯವರೆಲ್ಲರಿಗೂ ಬೇಕು.

ಪ್ರೊಟೀನ್ ಸಾಲದಿದ್ದರೆ ಮೂರ್ನಾಲ್ಕು ತಿಂಗಳಿಗೆ ಕೂದಲು ಉದುರುತ್ತದೆ, ಸ್ನಾಯು ಕರಗುತ್ತದೆ. ಕಬ್ಬಿಣ, ಬಿ12, ಕ್ಯಾಲ್ಸಿಯಂ, ವಿಟಮಿನ್ ಡಿ ಕಡಿಮೆಯಾಗುತ್ತವೆ. ಮಾತ್ರೆ ಜೀವನಪೂರ್ತಿ, ರಕ್ತಪರೀಕ್ಷೆ ಪ್ರತಿ ವರ್ಷ. ತೂಕ ಬೇಗ ಇಳಿದಾಗ ಪಿತ್ತಕೋಶದಲ್ಲಿ ಕಲ್ಲಾಗುವುದು ಮಾಮೂಲಿ. ಸ್ಲೀವ್ ಆದ ಕೆಲವರಿಗೆ ಎದೆಯುರಿ ಹಿಡಿದುಬಿಡುತ್ತದೆ. ಬೈಪಾಸ್ ಆದವರು ಸಿಹಿ ತಿಂದರೆ ಬೆವರು, ತಲೆಸುತ್ತು, ಭೇದಿ. ಚರ್ಮ ಜೋತು ಬೀಳುತ್ತದೆ.

ಮನಸ್ಸಿನ ಮಾತು ಬಂದರೆ ಎಲ್ಲರೂ ಬೇಗ ದಾಟಿಬಿಡುತ್ತಾರೆ, ದಾಟಬಾರದು. ಆಪರೇಷನ್ ಆದ ಮೇಲೆ, ಅದರಲ್ಲೂ ಬೈಪಾಸ್ ಆದ ಮೇಲೆ, ಮದ್ಯ ಬಹಳ ಬೇಗ ರಕ್ತಕ್ಕೆ ಏರುತ್ತದೆ. ಕುಡಿತದ ಚಟ ಹೊಸದಾಗಿ ಅಂಟಿಕೊಳ್ಳುವ ಅಪಾಯ ಹೆಚ್ಚು. ತಮಗೆ ತಾವೇ ಹಾನಿ ಮಾಡಿಕೊಳ್ಳುವ ಸಾಧ್ಯತೆಯೂ ಸ್ವಲ್ಪ ಏರುತ್ತದೆ ಎಂದು ಹಲವು ಅಧ್ಯಯನಗಳು ಹೇಳಿವೆ. ದುಃಖವಾದಾಗ ಊಟದಲ್ಲಿ ನೆಮ್ಮದಿ ಹುಡುಕುತ್ತಿದ್ದವರಿಂದ ಊಟ ಕಿತ್ತುಕೊಂಡರೆ ಆ ದುಃಖ ಎಲ್ಲಿಗೆ ಹೋಗಬೇಕು? ಆಪರೇಷನ್‌ಗೆ ಮುಂಚೆ ಮನೋವೈದ್ಯರನ್ನು ನೋಡಿ ಎನ್ನುವುದು ಹುಚ್ಚು ಹಿಡಿದಿದೆ ಎಂದಲ್ಲ.

ಇಂಜೆಕ್ಷನ್ ಬಂತಲ್ಲ, ಇನ್ನು ಆಪರೇಷನ್ ಯಾಕೆ?

ಫಿಸಿಷಿಯನ್‌ಗಳಲ್ಲಿ ಹಲವರು ಕೇಳುವುದು ಇದನ್ನೇ. ಪ್ರಯೋಗಗಳಲ್ಲಿ ವಿಗೋವಿಯಲ್ಲಿರುವ ಸೆಮಾಗ್ಲುಟೈಡ್‌ನಿಂದ ಸುಮಾರು 15 ಪರ್ಸೆಂಟ್, ಮೌಂಜಾರೊದ ದೊಡ್ಡ ಡೋಸಿನಿಂದ ಸುಮಾರು 20 ಪರ್ಸೆಂಟ್ ತೂಕ ಇಳಿದಿದೆ. ಕತ್ತರಿ ಬೇಡ, ಬೇಡ ಅನಿಸಿದರೆ ನಿಲ್ಲಿಸಬಹುದು. ಸೆಮಾಗ್ಲುಟೈಡ್‌ನ ಮುಖ್ಯ ಪೇಟೆಂಟ್ ಅವಧಿ ಭಾರತದಲ್ಲಿ ಇದ್ದದ್ದು 2026ರ ಮಾರ್ಚ್‌ವರೆಗೆ. ದೇಶಿ ಕಂಪನಿಗಳ ಔಷಧಿ ಬಂದಷ್ಟೂ ಬೆಲೆ ಇಳಿಯುತ್ತದೆ.

ಸರ್ಜನ್‌ಗಳ ಉತ್ತರವೂ ತೂಕದ್ದೇ. ನಿಲ್ಲಿಸಿದರೆ ವರ್ಷದೊಳಗೆ ಇಳಿದ ತೂಕದ ಮೂರನೇ ಎರಡು ಭಾಗ ವಾಪಸ್ ಬಂದದ್ದು ಪ್ರಯೋಗದಲ್ಲೇ ಕಂಡಿದೆ. ಅಂದರೆ ಜೀವನಪೂರ್ತಿ ಖರ್ಚು. ವಾಕರಿಕೆ, ಮಲಬದ್ಧತೆಗೆ ಬೇಸತ್ತು ಬಿಡುವವರೂ ಇದ್ದಾರೆ. ಎರಡೂ ಕಡೆಯ ವಾದ ಸರಿಯೇ, ಆದರೆ ಅವರು ಮಾತಾಡುತ್ತಿರುವುದು ಬೇರೆ ಬೇರೆ ರೋಗಿಗಳ ಬಗ್ಗೆ. 85 ಕೆಜಿ ಇರುವವರಿಗೆ ಮೊದಲು ಔಷಧಿ ನೋಡುವುದೇ ಜಾಣತನ. 130 ಕೆಜಿ, ಇನ್ಸುಲಿನ್, ರಾತ್ರಿ ಉಸಿರು ಕಟ್ಟುವುದು ಇರುವವರಿಗೆ ಆಪರೇಷನ್‌ನಷ್ಟು ಗಟ್ಟಿಯಾದ ದಾರಿ ಇನ್ನೂ ಬಂದಿಲ್ಲ.

ಹಾಗಾದರೆ ಯಾರಿಗೆ?

ತೂಕವನ್ನು ಕೆಜಿಯಲ್ಲಿ ಬರೆದು, ಅದನ್ನು ಮೀಟರ್‌ನಲ್ಲಿ ಬರೆದ ಎತ್ತರದಿಂದ ಎರಡು ಸಲ ಭಾಗಿಸಿದರೆ ಸಿಗುವುದು ಬಿಎಂಐ. ಭಾರತದ ಸರ್ಜನ್‌ಗಳು ಬಹಳ ಕಾಲದಿಂದ ಪಾಲಿಸುತ್ತಿದ್ದ ಗೆರೆ 37.5. ಶುಗರ್, ಬಿಪಿಯಂಥ ಕಾಯಿಲೆ ಇದ್ದರೆ 32.5. 2022ರಲ್ಲಿ ಅಂತರರಾಷ್ಟ್ರೀಯ ಸಂಘಗಳು ಏಷ್ಯಾದವರಿಗೆ 27.5ರಿಂದಲೇ ಯೋಚಿಸಬಹುದು ಎಂದವು. ನಮ್ಮವರಿಗೆ ಕಡಿಮೆ ತೂಕದಲ್ಲೇ ಹೊಟ್ಟೆಯ ಬೊಜ್ಜು, ಶುಗರ್ ಬರುತ್ತದೆ ಎಂಬುದು ಕಾರಣ.

163 ಸೆಂಟಿಮೀಟರ್, ಅಂದರೆ ಐದಡಿ ನಾಲ್ಕಂಗುಲ ಎತ್ತರದವರಿಗೆ 37.5 ಅಂದರೆ ಸುಮಾರು 100 ಕೆಜಿ. 32.5 ಅಂದರೆ 86. ಆದರೆ 27.5 ಅಂದರೆ ಬರೀ 73 ಕೆಜಿ! ಕರ್ನಾಟಕದ ವಯಸ್ಕರಲ್ಲಿ ನೂರಕ್ಕೆ 30 ಜನರ ಬಿಎಂಐ 25 ಅಥವಾ ಅದಕ್ಕಿಂತ ಮೇಲಿದೆ ಎಂದು ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದೆ. ಗೆರೆ ಕೆಳಗಿಳಿದರೆ ಸಾವಿರಾರು ಜನ ಹೊಸದಾಗಿ ಅದರೊಳಗೆ ಬರುತ್ತಾರೆ. 73 ಕೆಜಿಯವರಿಗೆ ಔಷಧಿಯಿಂದ ಹತೋಟಿಗೆ ಬಾರದ ಶುಗರ್ ಇದ್ದರೆ ಮಾತ್ರ ಈ ಮಾತು. ಮದುವೆಗೆ ಮುಂಚೆ ತೆಳ್ಳಗಾಗಲಿ ಎಂದು ಹುಡುಗಿಯನ್ನು ಕರೆದುಕೊಂಡು ಹೋಗುವುದು ಖಂಡಿತ ಬೇಡ. ಆಪರೇಷನ್ ಆದ ಮೇಲೆ ವರ್ಷದಿಂದ ಒಂದೂವರೆ ವರ್ಷ ಗರ್ಭ ಧರಿಸಬಾರದು ಎಂಬುದನ್ನು ಆ ಗಡಿಬಿಡಿಯಲ್ಲಿ ಯಾರೂ ಹೇಳುವುದಿಲ್ಲ.

ಹೃದಯಾಘಾತದ ಸುದ್ದಿ ಕೇಳಿ ಹೆದರಿದ ಹಾಸನದವರಲ್ಲಿ ಹೆಚ್ಚಿನವರು ಈ ಗೆರೆಯ ಹತ್ತಿರವೂ ಇಲ್ಲ. ಅವರ ಹೃದಯಕ್ಕೆ ಬೇಕಿರುವುದು ಬಿಪಿ, ಶುಗರ್, ಕೊಲೆಸ್ಟ್ರಾಲ್ ಪರೀಕ್ಷೆ ಮತ್ತು ಸಿಗರೇಟು ಬಿಡುವುದು. ಆದರೆ ಗೆರೆ ದಾಟಿ, ಎರಡು ಮೂರು ಕಾಯಿಲೆ ಹೊತ್ತವರು ಟಿವಿ ಸುದ್ದಿಗೆ ಹೆದರಿ ಆಪರೇಷನ್ ಬೇಡ ಎಂದರೆ ಅದಕ್ಕೂ ಬೆಲೆ ಇದೆ. ಆ ಸಾವು ನಿಧಾನವಾಗಿ ಬರುತ್ತದೆ, ಸುದ್ದಿಯಾಗುವುದಿಲ್ಲ, ಅಷ್ಟೇ.

ವಿಮೆ ಮತ್ತು ಒಂದು ಚೀಟಿ

ಖಾಸಗಿಯಲ್ಲಿ ಖರ್ಚು ಹಲವು ಲಕ್ಷ. ಆರೋಗ್ಯ ವಿಮೆ ಕೊಡಬೇಕಾದರೆ ಬಿಎಂಐ 40 ಇರಬೇಕು, ಅಥವಾ 35ರ ಜೊತೆಗೆ ಹೃದಯ ಕಾಯಿಲೆ, ಹತೋಟಿಗೆ ಬಾರದ ಶುಗರ್, ತೀವ್ರವಾದ ನಿದ್ದೆಯ ಉಸಿರುಗಟ್ಟುವಿಕೆಯಂಥದ್ದು ಇರಬೇಕು ಎಂದು ವಿಮಾ ನಿಯಂತ್ರಣ ಪ್ರಾಧಿಕಾರದ ನಿಯಮ. ವೈದ್ಯರ ಗೆರೆ 32.5, ವಿಮೆಯ ಗೆರೆ 35. ಅದೇ ಐದಡಿ ನಾಲ್ಕಂಗುಲದವರಿಗೆ 86ರಿಂದ 93 ಕೆಜಿ ನಡುವೆ ಇದ್ದರೆ ವೈದ್ಯರು ಮಾಡಿಸಿ ಎನ್ನಬಹುದು, ಖರ್ಚು ಪೂರ್ತಿ ಕೈಯಿಂದ. ತೋಟದ ಮೇಲೆ ಸಾಲ ತೆಗೆದು ಹೋಗುವ ಮೊದಲು ಪಾಲಿಸಿಯ ಆ ಸಾಲನ್ನು ಓದಿಸಿಕೊಳ್ಳಿ.

ಸರ್ಜನ್‌ರನ್ನು ಕೇಳಲು ಸಂಕೋಚ ಬೇಡ. ಈ ಆಪರೇಷನ್ ಎಷ್ಟು ಮಾಡಿದ್ದೀರಿ? ಆಸ್ಪತ್ರೆಯಲ್ಲಿ ಐಸಿಯು ಇದೆಯಾ? ರಾತ್ರಿ ಎರಡು ಗಂಟೆಗೆ ಫೋನ್ ಮಾಡಿದರೆ ಎತ್ತುವವರು ಯಾರು? ಐದು ವರ್ಷದ ನಂತರ ನನ್ನ ರಕ್ತಪರೀಕ್ಷೆ ನೋಡುವವರು ಯಾರು? ಇಂಥ ರಕ್ತಪರೀಕ್ಷೆಗೆ ಬೆಂಗಳೂರಿಗೇ ಓಡಬೇಕಾಗಿಲ್ಲ. ಹಾಸನದಲ್ಲೂ ಚಿಕ್ಕಮಗಳೂರಿನಲ್ಲೂ ಈಗ ಸರ್ಕಾರಿ ಮೆಡಿಕಲ್ ಕಾಲೇಜು ಇದೆ. ಊರಿನ ಡಾಕ್ಟರರಿಗೆ ಮೊದಲೇ ವಿಷಯ ತಿಳಿಸಿ ಅವರನ್ನೂ ಇದರಲ್ಲಿ ಸೇರಿಸಿಕೊಳ್ಳಬೇಕು. ಶುಗರ್, ಬಿಪಿ ಮಾತ್ರೆಯ ಡೋಸ್ ಮೊದಲ ವಾರದಿಂದಲೇ ಬದಲಾಗುತ್ತದೆ. ಹಳೇ ಚೀಟಿ ನೋಡಿ ಅಷ್ಟೇ ಮಾತ್ರೆ ನುಂಗಿದರೆ ಶುಗರ್ ತೀರಾ ಇಳಿದು ಬೀಳುತ್ತಾರೆ.

ಆಪರೇಷನ್ ಆದವರು ಪರ್ಸಿನಲ್ಲಿ ಕನ್ನಡದಲ್ಲಿ ಬರೆದ ಒಂದು ಚೀಟಿ ಇಟ್ಟುಕೊಂಡಿರಲಿ. ಯಾವ ಆಪರೇಷನ್, ಯಾವ ದಿನ, ಯಾರಿಗೆ ಫೋನ್ ಮಾಡಬೇಕು. ಅದರ ಕೆಳಗೆ ಎರಡು ಸಾಲು. ಮೈಕೈ ನೋವಿಗೆ ಡೈಕ್ಲೋಫೆನಾಕ್, ಐಬುಪ್ರೊಫೆನ್ ಮಾತ್ರೆ ಕೊಡಬೇಡಿ, ಬೈಪಾಸ್ ಮಾಡಿದ ಜಾಗದಲ್ಲಿ ಹುಣ್ಣಾಗಿ ರಕ್ತ ಸೋರುತ್ತದೆ. ದಿನಗಟ್ಟಲೆ ವಾಂತಿಯಾಗಿ ಸುಸ್ತಾಗಿ ಬಂದರೆ ಬರೀ ಗ್ಲೂಕೋಸ್ ಡ್ರಿಪ್ ಹಾಕಬೇಡಿ, ಮೊದಲು ವಿಟಮಿನ್ ಬಿ1 ಇಂಜೆಕ್ಷನ್ ಕೊಡಿ, ಇಲ್ಲದಿದ್ದರೆ ಮೆದುಳಿಗೆ ಪೆಟ್ಟು ಬೀಳುತ್ತದೆ.